ಕೂಗುಬಾವಿಗೆ ಹೋದದ್ದು

ನಮ್ಮ ಅತ್ತೆಯನ್ನು ಕರೆದುಕೊಂಡು ಗುಡ್ಡ ಹತ್ತುವುದಕ್ಕಿಂತ ಉಳುವಾಗ ಗದ್ದೆಯಲ್ಲಿ ಮಲಗಿಬಿಟ್ಟ ಎತ್ತನ್ನು ಎಬ್ಬಿಸುವುದು ಸುಲಭ. ಎತ್ತಿಗೆ ಮಾತು ಬರುವುದಿಲ್ಲ. ಎಬ್ಬಿಸಿದ ಮೇಲೆ ಅದು ನಡೆಯುತ್ತದೆ. ಅತ್ತೆ ನಡೆಯುವುದೂ ಇಲ್ಲ, ನಡೆಯುತ್ತಿಲ್ಲವೆಂದು ಒಪ್ಪುವುದೂ ಇಲ್ಲ. ನಿಂತಲ್ಲೇ ನಿಂತು, "ಎಂತಕ್ಕೆ ಹಿಂಗೆ ಓಡ್ತಿ ಮಾರಾಯ್ತಿ? ಬೆನ್ನಿಗೆ ಬೆಂಕಿ ಬಿದ್ದದ್ಯಾ?" ಎಂದು ನನ್ನನ್ನೇ ಬೈಯುತ್ತಾರೆ. ಆ ದಿನ ನಾನು ಓಡುತ್ತಿರಲಿಲ್ಲ. ತಲೆಯ ಮೇಲೆ ಬುಟ್ಟಿ, ಸೊಂಟದಲ್ಲಿ ನೀರಿನ ಚೊಂಬು, ಹಿಂದಿನಿಂದ ನನ್ನ ಸೀರೆಯ ಸೆರಗನ್ನು ಹಗ್ಗದ ಹಾಗೆ ಹಿಡಿದುಕೊಂಡ ಅತ್ತೆ. ಹೀಗಿರುವಾಗ ಯಾರಾದರೂ ಓಡುವುದು ಹೇಗೆ?

ನಾವು ಹೊರಟದ್ದು ಕೂಗುಬಾವಿಗೆ. ಯಾಕೆ ಹೊರಟೆವು ಎಂದು ಹೇಳಬೇಕಾದರೆ ಕಾಶಿಯ ಸುದ್ದಿ ಹೇಳಬೇಕು. ಅವಳ ಹೆಸರೆತ್ತಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ನಾನು ಅಮದಳ್ಳಿಯ ಈ ಮನೆಗೆ ಸೊಸೆಯಾಗಿ ಬಂದವಳು. ಆ ಗಲಾಟೆಯೆಲ್ಲ ಮುಗಿದು, ಜೈಲಿಗೆ ಹೋದವರು ತಿರುಗಿ ಬಂದು, ನನ್ನ ಜೊತೆಗೆ ಮದುವೆಯಾದ ಹುಡುಗಿಯರು ಎರಡೆರಡು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗುವ ಹೊತ್ತಿಗೂ ನನ್ನ ಮಡಿಲು ಬರಿದಾಗಿಯೇ ಇತ್ತು. ನನ್ನ ಗಂಡ ಜಟ್ಟಿ ಒಳ್ಳೆಯವನೇ. ಅರ್ಗಾದಲ್ಲಿ ಸಾಹುಕಾರರ ತೆಂಗಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ, ಮಳೆಗಾಲದಲ್ಲಿ ನಮ್ಮ ತುಂಡು ಗದ್ದೆ ಮಾಡುತ್ತಿದ್ದ, ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಆದರೆ ಒಳ್ಳೆಯತನವೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ಅವನು ತಿಳಿದಿದ್ದ. ಅವನ ತಾಯಿ ಎರಡನೇ ಮದುವೆಯ ಮಾತು ಎತ್ತಿದಾಗ ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಕತ್ತಿ ಮಸೆಯುತ್ತ ಕುಳಿತ. ಅಷ್ಟು ಹೊತ್ತು ಮಸೆದರೆ ಕತ್ತಿಯೇ ಸವೆದು ಹೋಗಬೇಕಿತ್ತು.

ಆ ಮಾತನ್ನು ಮನೆಗೆ ತಂದವಳು ಕಾಶಿ. ಅತ್ತೆಯ ತವರಿನ ಕಡೆಯವಳು, ಅಂಕೋಲೆಯ ಆಚೆ ಅವಳ ಊರು. ಸಂಬಂಧ ಜೋಡಿಸುವುದೇ ಅವಳ ಕಸುಬು. ಸರ್ವಿಸ್ ಮೋಟಾರು ಇಳಿದು, ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ನಾನು ಕೊಟ್ಟ ನೀರನ್ನೇ ಕುಡಿದು, ನನ್ನ ಎದುರಿಗೇ ಅತ್ತೆಗೆ ಹೇಳಿದಳು.

"ಗಂಗೂ ಅಂದ್ರೆ ಗಟ್ಟಿ ಹುಡ್ಗಿ ಬೊಮ್ಮಕ್ಕ. ಅದರ ಅಕ್ಕಂದಿರಿಗೆಲ್ಲಾ ವರ್ಷ ತುಂಬೂದ್ರೊಳಗೇ ಮಕ್ಕಳು. ಮನೆತನವೇ ಹಂಗೆ."

ಕುಂಬಳದ ಬೀಜ ಮಾರಲು ಬಂದವರೂ ಇದಕ್ಕಿಂತ ನಾಚಿಕೆಯಿಂದ ಮಾತಾಡುತ್ತಾರೆ.

ಅತ್ತೆ ಕೂಡಲೇ ಹೂಂ ಎನ್ನಲಿಲ್ಲ. ಎಲೆಗೆ ಸುಣ್ಣ ಸವರುತ್ತ, "ಅದ್ಕೂ ಮುಂಚೆ ಇದ್ನ ಕರ್ಕಂಡು ಕೂಗುಬಾವಿಗೆ ಒಂದ್ಸಲ ಹೋಗಿ ಬತ್ತೆ. ನಾಳೆ ಊರಲ್ಲಿ ಯಾರೂ ಬೊಮ್ಮಿ ಸೊಸೆಗೆ ಏನೂ ಮಾಡ್ಲಿಲ್ಲ ಅನ್ಬಾರ್ದು," ಎಂದರು. "ನೀ ಇಲ್ಲೇ ಉಳಿ. ನಾವ್ ಬಂದ ಮೇಲೆ ಎಲೆ ಅಡ್ಕೆ ಹಿಡ್ಕಂಡೇ ಹೋಗು." ಎಲೆ ಅಡಿಕೆ ಕೈಗೆ ಬಂತೆಂದರೆ ಮಾತು ಮುಗಿದಂತೆ.

ಆಗ ನನಗೆ ಎಲ್ಲ ತಿಳಿಯಿತು. ಬಾವಿಗೆ ಹೋಗುವುದು ನನಗೆ ಮಗುವಾಗಲೆಂದು ಅಲ್ಲ. ಹೋಗಿ ಬಂದೆವು ಎಂದು ಹೇಳಿಕೊಳ್ಳಲು.

ಕೂಗುಬಾವಿ ನಮ್ಮ ಊರ ಹಿಂದಿನ ಗುಡ್ಡದ ಮೇಲೆ, ಕಾಡಿನ ಒಳಗೆ ಇದೆ. ಯಾರು ತೋಡಿಸಿದರೋ ಯಾರಿಗೂ ಗೊತ್ತಿಲ್ಲ. ಕೇಳಿದರೆ ಪಾಂಡವರು ಎನ್ನುತ್ತಾರೆ. ನಮ್ಮ ಕಡೆ ಯಾರು ಮಾಡಿದ್ದೆಂದು ತಿಳಿಯದ್ದನ್ನೆಲ್ಲ ಪಾಂಡವರ ತಲೆಗೇ ಕಟ್ಟುವುದು. ಪಾಪ, ವನವಾಸದಲ್ಲಿ ಅವರಿಗೆ ಬಾವಿ ತೋಡುವುದೊಂದೇ ಕೆಲಸ. ಅಲ್ಲಿಗೆ ಗಂಡಸರು ಹೋಗುವಂತಿಲ್ಲ. ಹೆಂಗಸರು ಇಬ್ಬಿಬ್ಬರೇ ಹೋಗಬೇಕು. ವರ್ಷಕ್ಕೆ ಒಮ್ಮೆ, ಮಳೆ ಹಿಡಿಯುವ ಮುಂಚೆ. ತನಗೆ ಬೇಕಾದ್ದನ್ನು ಯಾರೂ ತಾನೇ ಬೇಡುವಂತಿಲ್ಲ, ಜೊತೆಗೆ ಬಂದವಳು ಬೇಡಬೇಕು. ಅವಳು ಕೆಳಗಿನ ಮೆಟ್ಟಿಲಿನವರೆಗೆ ಇಳಿದು, ಯಾರಿಗಾಗಿ ಬೇಡುತ್ತಾಳೋ ಆಕೆಯ ಕೊರಳ ಸರದ ಒಂದು ಮಣಿಯನ್ನು ನೀರಿಗೆ ಹಾಕಿ, ಆಕೆಯ ಹೆಸರು ಹಿಡಿದು, ಗಟ್ಟಿಯಾಗಿ ಒಂದೇ ಸಲ ಕೂಗಬೇಕು. ಪಿಸುಗುಟ್ಟಿದರೆ ನಡೆಯುವುದಿಲ್ಲ. ಆಕೆ ಮೇಲೆ ಬೆನ್ನು ಹಾಕಿ ನಿಂತು ಕೇಳಿಸಿಕೊಳ್ಳಬೇಕು. ಮೊದಲು ಕಿರಿಯವಳು ಹಿರಿಯವಳಿಗಾಗಿ, ಆಮೇಲೆ ಹಿರಿಯವಳು ಕಿರಿಯವಳಿಗಾಗಿ.

ಅಕ್ಕ ತಂಗಿಯರಿಗೆ, ಗೆಳತಿಯರಿಗೆ ಇದು ಚೆಂದದ ನೇಮ. ನನ್ನ ಪಾಲಿಗೆ ಬಂದದ್ದು ಅತ್ತೆ. ಈ ನೇಮ ಮಾಡಿದವರಿಗೆ ಅತ್ತೆ ಸೊಸೆ ಅಂದರೆ ಏನೆಂದು ಗೊತ್ತಿರಲಿಲ್ಲವೋ, ಚೆನ್ನಾಗಿಯೇ ಗೊತ್ತಿತ್ತೋ.

"ನಂಗಾಗಿ ನೀ ಎಂತ ಕೂಗ್ಬೇಕು, ಈಗ್ಲೇ ಕೇಳಿಟ್ಕ," ಎಂದು ಹಿಂದಿನ ದಿನವೇ ಅತ್ತೆ ನನಗೆ ಪಾಠ ಮಾಡಿದ್ದರು. "ಬೊಮ್ಮಿ ಮನೆಗೆ ಮೊಮ್ಮಗ ಬರ್ಲಿ. ಇಷ್ಟೇ. ಒಂದಕ್ಷರ ಹೆಚ್ಚು ಕಮ್ಮಿ ಆಗ್ಬಾರ್ದು."

ಬೊಮ್ಮಿಯ ಮನೆಗೆ. ಈ ಮಾದಿಯ ಹೊಟ್ಟೆಗೆ ಅಲ್ಲ. ನಾಳೆ ಗಂಗೂ ಬಂದು ಅವಳು ಹೆತ್ತರೂ ಅದು ಬೊಮ್ಮಿಯ ಮನೆಗೆ ಬಂದ ಮೊಮ್ಮಗನೇ. ನನ್ನ ಸವತಿಯ ಮಗುವನ್ನು ನಾನೇ ಗಂಟಲು ಹರಿಯುವ ಹಾಗೆ ಕೂಗಿ ಕರೆಯಬೇಕು! ರಾತ್ರಿಯಿಡೀ ಇದನ್ನೇ ನೆನೆಸಿ ನೆನೆಸಿ ನನ್ನ ತಲೆ ಚಿಟ್ಟು ಹಿಡಿದು ಹೋಗಿತ್ತು. ನನಗಾಗಿ ಅತ್ತೆ ಏನು ಕೂಗಬೇಕು ಎಂದು ಕೇಳಿದಾಗ, "ಮಾದಿಗೆ ಮಗು ಆಗ್ಲಿ," ಎಂದಿದ್ದೆ. ಅತ್ತೆ, "ಅಷ್ಟೇಯಾ," ಎಂದಿದ್ದರು.

ಬೆಳಿಗ್ಗೆ ಹೊರಡುವ ಮುಂಚೆಯೇ ಜಗಳ. ಬಾವಿಗೆ ಒಯ್ಯುವ ಅಕ್ಕಿಯನ್ನು ಅತ್ತೆ ತಾವೇ ಆರಿಸುತ್ತೇನೆಂದು ಹಟ ಹಿಡಿದು ಕುಳಿತು ಆರಿಸಿದರು. ನಾನು ಬುಟ್ಟಿಗೆ ಸುರಿಯುವಾಗ ನೋಡಿದರೆ ಕಲ್ಲು ಹಾಗೇ ಇವೆ. "ಅತ್ತೆ, ಕಲ್ಲು ಉಂಟಲ್ಲ," ಎಂದೆ. "ನೀನೇ ಈಗ ಹಾಕಿರ್ಬೇಕು," ಎಂದರು! ಜಗಲಿಯ ಮೇಲಿದ್ದ ಕಾಶಿ ಹಲ್ಲು ಕಿರಿದಳು. ದೇವರ ಅಕ್ಕಿಗೆ ನಾನು ಕಲ್ಲು ಹಾಕುತ್ತೇನೆಯೇ? ನನಗೆ ಹುಚ್ಚೇ? ಉತ್ತರ ಕೊಟ್ಟರೆ ಇನ್ನೂ ಬೆಳೆಯುತ್ತದೆಂದು ನಾನೇ ಕುಳಿತು ಆರಿಸಿದೆ. ಬಿಸಿಲೇರಿತು. ತಡವಾಯಿತೆಂದೂ ನನ್ನನ್ನೇ ಬೈದರು.

ಗದ್ದೆ ದಾಟಿ ಗುಡ್ಡದ ಬುಡಕ್ಕೆ ಬಂದ ಮೇಲೆ ಸೆರಗು ಹಿಡಿದರು. "ನೀ ನನ್ನ ಬಿಟ್ಟು ಓಡ್ತಿ," ಎಂಬ ನೆವ. ಆ ಗುಡ್ಡ ಅತ್ತೆಗೆ ಹೊಸದಲ್ಲ. ಮದುವೆಯಾಗಿ ಬಂದಂದಿನಿಂದ ಸೊಪ್ಪು, ಸೌದೆ ಹೊತ್ತು ಇಳಿಸಿದ ಗುಡ್ಡ. ನಾನು ಬಂದ ಹೊಸದರಲ್ಲಿ ನನ್ನನ್ನು ಹಿಂದೆ ಹಾಕಿ ಹತ್ತಿ, ಮೇಲೆ ನಿಂತು ನಗುತ್ತಿದ್ದರು. ಈಗ ಪ್ರತಿ ಕೊರಕಲಿಗೂ, "ಮೊದ್ಲು ನೀ ದಾಟು, ಕೈ ಕೊಡು," ಎನ್ನುವುದು. ಒಂದು ಗೇಣಿನ ಚರಂಡಿಗೂ ಕೈ ಕೊಡಬೇಕು. ಕೈ ಕೊಟ್ಟರೆ ಹಾಗೆ ಎಳೆದೆ, ಹೀಗೆ ಎಳೆದೆ ಎಂದು ದೂರು. ನಾನು ಒಳಗೊಳಗೇ ಹಲ್ಲು ಕಚ್ಚಿದೆ. ಮನೆಯಲ್ಲಿ ಕೆಲಸ ಮಾಡಿಸಿಕೊಂಡದ್ದು ಸಾಲದು, ಕಾಡಿಗೂ ಬಂದು ಸೇವೆ ಮಾಡಿಸಿಕೊಳ್ಳಬೇಕು. ಗಂಗೂ ಬಂದ ಮೇಲೆ ಈ ಸೇವೆ ನನಗೆ ಇಮ್ಮಡಿಯಾಗುತ್ತದೆ, ಅಷ್ಟೇ.

ಸ್ವಲ್ಪ ಮೇಲೆ ಕವಳಿಮಟ್ಟಿ ಇತ್ತು. ಹಣ್ಣಿನ ಕಾಲ, ಕರಿ ಹಣ್ಣುಗಳು ಮುಳ್ಳಿನ ನಡುವೆ ತೂಗುತ್ತಿದ್ದವು. ನನಗೆ ಬಾಯಾರಿತ್ತು. ಅತ್ತೆಯೇ, "ತಡೆ, ನಾ ಕೊಯ್ತೆ," ಎಂದು ಕೈ ಹಾಕಿ ಒಂದು ಬೊಗಸೆ ಕಿತ್ತು ನನ್ನ ಕೈಗೆ ಸುರಿದರು. ಇದೇನು ಇವತ್ತು ಪ್ರೀತಿ ಉಕ್ಕಿತು ಎಂದು ನೋಡಿದರೆ ಅರ್ಧಕ್ಕರ್ಧ ಹಸಿರು ಕಾಯಿ! ಬಾಯಿಗೆ ಹಾಕಿದರೆ ಹುಳಿ, ಒಗರು, ಹಲ್ಲಿಗೆ ಅಂಟುವ ಹಾಲು.

"ಇದೆಂತಾ ಅತ್ತೆ, ಬರೀ ಕಾಯಿ!"

"ಕೊಟ್ಟದ್ದು ತಿನ್ನೂಕೂ ನಿಂಗೆ ದೂರೇ. ಸಿಕ್ಕದ್ದು ತಿನ್ನು."

ತಿನ್ನಲಿಲ್ಲ. ಅವರ ಎದುರಿಗೇ ಕೈ ಕೊಡವಿ ಎಸೆದೆ. ಅದಕ್ಕೂ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎಸೆದದ್ದನ್ನು ಗಮನಿಸಲೇ ಇಲ್ಲವೆಂಬಂತೆ ಮತ್ತೆ ಸೆರಗು ಹಿಡಿದು, "ನಡೆ," ಎಂದರು. ಬೈದಿದ್ದರೆ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು.

ಆಮೇಲೆ ಹಂದಿಯ ಪ್ರಸಂಗ. ಕಾಡು ದಟ್ಟವಾಗುವ ಕಡೆ ದಾರಿ ತಿರುಗುತ್ತದೆ. ತಿರುಗಿದ್ದೇ ತಡ ಅತ್ತೆ ನನ್ನ ಸೊಂಟವನ್ನು ತಬ್ಬಿಕೊಂಡು, "ಹಂದಿ! ಹಂದಿ!" ಎಂದು ಕಿರುಚಿದರು. ನನ್ನ ಎದೆ ಒಡೆದೇ ಹೋಯಿತು. ಬುಟ್ಟಿ ಜಾರಿ ಬಿತ್ತು. ತೆಂಗಿನಕಾಯಿ ಇಳಿಜಾರಿನಲ್ಲಿ ಪುಟಿಯುತ್ತ ಹೋಗಿ ಕೆಳಗಿನ ಬಿದಿರುಮೆಳೆಯಲ್ಲಿ ಕುಳಿತಿತು. ಅಕ್ಕಿ ಅರ್ಧ ಮಣ್ಣುಪಾಲು. ನೋಡಿದರೆ ಅಲ್ಲಿ ಹಂದಿಯೂ ಇಲ್ಲ, ಮಣ್ಣೂ ಇಲ್ಲ. ಕಾಳ್ಗಿಚ್ಚಿನಲ್ಲಿ ಸುಟ್ಟು ಕರಿಯಾದ ಒಂದು ಮರದ ಬೊಡ್ಡೆ.

"ಬೊಡ್ಡೆ ಅದು ಅತ್ತೆ! ಸುಟ್ಟ ಬೊಡ್ಡೆ!"

"ನಂಗೇನ್ ಗೊತ್ತು? ಹಂದಿ ಹಂಗೇ ನಿಂತದೆ."

ಆಗ ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಇದು ಬೇಕೆಂದೇ ಮಾಡಿದ್ದು ಎಂದುಕೊಂಡೆ. ನಾನು ಹೆದರಿ ತಿರುಗಿ ಓಡಬೇಕು, ಊರಿಗೆ ಹೋಗಿ ಇವರು 'ಬಾವಿಯ ತನಕ ಬರೂಕೂ ಸೊಸೆಗೆ ಧೈರ್ಯ ಇಲ್ಲ' ಎಂದು ಸಾರಬೇಕು, ಕಾಶಿ ಎಲೆ ಅಡಿಕೆ ಹಿಡಿಯಬೇಕು. ಇಲ್ಲ, ನಾನು ಓಡುವುದಿಲ್ಲ ಎಂದು ಮುಳ್ಳಿನಲ್ಲಿ ಕೈಕಾಲು ತರಚಿಕೊಂಡು ಇಳಿದು, ಬಿದಿರುಮೆಳೆಯಿಂದ ಕಾಯಿ ಎಳೆದು ತಂದೆ. ನಾನು ಮೇಲೆ ಬರುವವರೆಗೆ ಅತ್ತೆ ನಿಂತಲ್ಲಿಂದ ಒಂದು ಹೆಜ್ಜೆ ಅಲುಗಿರಲಿಲ್ಲ. ಚೆಲ್ಲಿದ ಅಕ್ಕಿಯಲ್ಲಿ ಒಂದು ಕಾಳನ್ನೂ ಎತ್ತಿರಲಿಲ್ಲ. "ಮಾದೀ... ಮಾದೀ..." ಎಂದು ಕರೆಯುತ್ತಲೇ ಇದ್ದರು.

"ಇಲ್ಲೇ ಇದ್ದೆ. ಸತ್ತಿಲ್ಲ," ಎಂದೆ.

"ಸಿಟ್ಟು ಮಾತ್ರ ಬೇಕಾದಷ್ಟದೆ ನಿಂಗೆ," ಎಂದರು ಅತ್ತೆ.

ಬಾವಿ ಸಿಕ್ಕಿದಾಗ ಹೊತ್ತು ನೆತ್ತಿಗೇರಿತ್ತು. ದೊಡ್ಡ ಸುರಗಿ ಮರ, ಅದರ ಕೊಂಬೆಗಳಿಗೆ ಹಿಂದಿನವರು ಕಟ್ಟಿದ ಬಟ್ಟೆಯ ಚೂರುಗಳು, ಬಣ್ಣ ಹೋಗಿ ಎಲ್ಲ ಒಂದೇ ಬೂದಿಯ ತರಹ ಆದವು. ಅದರ ಕೆಳಗೆ ಚೌಕದ ಬಾವಿ. ಚಿರೆಕಲ್ಲಿನ ಮೆಟ್ಟಿಲುಗಳು ಒಂದು ಬದಿಯಿಂದ ನೀರಿನವರೆಗೆ ಇಳಿದಿದ್ದವು, ಹಾವಸೆ ಹಿಡಿದು ಹಸಿರಾಗಿದ್ದವು. ಉಳಿದ ಮೂರು ಬದಿಗೆ ಕಟ್ಟೆಯೂ ಇಲ್ಲ, ಏನೂ ಇಲ್ಲ, ಸೀದಾ ಕಂದಕ. ಕಾಡಿನ ಸದ್ದೆಲ್ಲ ಅಲ್ಲಿ ನಿಂತೇ ಹೋಗಿತ್ತು. ಇಷ್ಟು ಸಿಟ್ಟಿನಲ್ಲೂ ನನಗೆ ಕೈ ಮುಗಿಯಬೇಕೆನ್ನಿಸಿತು.

ಬುಟ್ಟಿ ಇಳಿಸಿ, ಕಾಯಿ, ಅಬ್ಬಲಿಗೆ ಹೂ, ಉಳಿದ ಅಕ್ಕಿ ಎಲ್ಲ ಮರದ ಬುಡದಲ್ಲಿ ಇಡುತ್ತಿದ್ದೆ. ಆಗ ಮಾತ್ರ ಅತ್ತೆ ನನ್ನ ಸೆರಗು ಬಿಟ್ಟಿದ್ದರು. "ಕೈಕಾಲು ತೊಳ್ಕಂಬೇಕು," ಎಂದು ಹೇಳುತ್ತ ಅವರು ನಡೆದದ್ದು ನನ್ನ ಕಿವಿಗೆ ಬಿತ್ತು. ತಲೆ ಎತ್ತಿ ನೋಡಿದರೆ ಅವರು ಹೋಗುತ್ತಿದ್ದದ್ದು ಮೆಟ್ಟಿಲಿನ ಕಡೆಗೆ ಅಲ್ಲ. ಮೆಟ್ಟಿಲಿಲ್ಲದ ಬದಿಗೆ, ಅಂಗಳದಲ್ಲಿ ನಡೆಯುವ ಹಾಗೆ ನಿಶ್ಚಿಂತೆಯಿಂದ. ಒಂದು ಕಾಲು ಆಗಲೇ ಅಂಚಿನ ಹುಲ್ಲಿನ ಮೇಲಿತ್ತು.

ಹೇಗೆ ಓಡಿದೆನೋ ಗೊತ್ತಿಲ್ಲ. ಸೊಂಟದ ಸೀರೆಗೆ ಕೈ ಹಾಕಿ ಹಿಂದಕ್ಕೆ ಎಳೆದೆ. ಇಬ್ಬರೂ ನೆಲದ ಮೇಲೆ ಬಿದ್ದೆವು. ಒಂದು ಹೆಂಟೆ ಜಾರಿ ಕೆಳಗೆ ನೀರಿಗೆ ಬಿದ್ದ ಸದ್ದು ಬಹಳ ತಡವಾಗಿ ಕೇಳಿಸಿತು.

ಬೆಳಗಿನಿಂದ ಅದುಮಿಟ್ಟಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ಎಂತಾ ಮಾಡ್ತ್ರಿ ನೀವು! ಸಾಯೂಕೆ ಬಂದದ್ಯಾ ಇಲ್ಲಿಗೆ? ಕಣ್ಣು ಕಾಣೂದಿಲ್ವಾ ನಿಮ್ಗೆ?"

"ಇಲ್ಲ," ಎಂದರು ಅತ್ತೆ.

ಬಿದ್ದಲ್ಲೇ ಕುಳಿತು, ಸೀರೆಯ ಮಣ್ಣು ಕೊಡವಿಕೊಳ್ಳುತ್ತ ಹೇಳಿದರು. ಕೊಡವುತ್ತಿದ್ದದ್ದು ಮಣ್ಣಿಲ್ಲದ ಕಡೆ.

ನಾನು ಅವರ ಮುಖದ ಹತ್ತಿರ ಹೋಗಿ ನೋಡಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಬೈಗುಳ ತಪ್ಪಿಸಿಕೊಳ್ಳಲು ಆ ಮುಖವನ್ನು ನೆಟ್ಟಗೆ ನೋಡಿದವಳೇ ಅಲ್ಲ ನಾನು. ಎಡಗಣ್ಣಿನ ಪಾಪೆ ಬೆಳ್ಳಗಾಗಿತ್ತು. ಬಲಗಣ್ಣಿನ ಮೇಲೂ ಅಕ್ಕಿ ತೊಳೆದ ನೀರಿನ ಹಾಗೆ ಪೊರೆ.

"ಯಾವಾಗಿಂದ?"

"ಎಡದ್ದು ಹೋಗಿ ಸುಮಾರು ದಿನ ಆತು. ಬಲದ್ದು ಹೋದ ಕೊಯ್ಲಿನ ಮೇಲೆ ಹೊಗೆ ಹಿಡ್ದದೆ. ಮನೆ ಒಳಗೆ ಅಡ್ಡಿಲ್ಲ, ಎಲ್ಲ ಕೈಗೆ ಗೊತ್ತದೆ. ಹೊರಗೆ ಬಂದ್ರೆ ಈ ಬಿಸ್ಲಿಗೆ ಬರೀ ಬೆಳಕು."

"ಮತ್ತೆ ಹೇಳಲಿಲ್ಲ ಎಂತಕ್ಕೆ? ಕಾರವಾರಕ್ಕೆ ಹೋಗಿ ಡಾಕ್ಟರಿಗೆ ತೋರಿಸ್ಬೋದಿತ್ತಲ್ಲ!"

"ಹೇಳಿದ್ರೆ ಎಂತ ಮಾಡ್ತ್ರಿ ನೀವೆಲ್ಲ? ಮೂಲೇಲಿ ಒಂದು ಚಾಪೆ ಹಾಸಿ, ಕೂತ್ಕಳಿ ಅಂತ್ರಿ. ಹೊತ್ತಿಗೆ ಸರಿಯಾಗಿ ಗಂಜಿ ತಂದಿಡ್ತ್ರಿ. ನಾ ನೋಡಿದ್ದೆ ಅಂಥವ್ರನ್ನ." ಧ್ವನಿ ಗಡುಸಾಗಿಯೇ ಇತ್ತು, ಗದರಿದ ಹಾಗೆಯೇ ಇತ್ತು. ಮತ್ತೆ ಹೇಳಿದರು. "ಈ ಮಳೆಗಾಲ ದಾಟಿದ ಕೂಡ್ಲೆ ಮದುವೆ ಆದ್ರೆ ಬಪ್ಪ ವರ್ಷ ಮೊಮ್ಮಗು ಬತ್ತದೆ. ಅಷ್ಟೊತ್ತಿಗೆ ಒಂದು ಕಣ್ಣಲ್ಲಾದ್ರೂ ಮಸುಕು ಮಸುಕಾಗಿ ಮುಖ ಕಾಣಬೋದೇನೋ ಅಂತ. ಜಟ್ಟಿ ಮಗುವಿನ ಮುಖ. ನಿಂಗೆ ಆಗ್ತದೆ ಅಂತ ಕಾಯೂಕೆ ನನ್ಹತ್ರ ಹೊತ್ತಿಲ್ಲ ಮಾದಿ. ನಿನ್ನ ಮೇಲೆ ಸಿಟ್ಟಿಲ್ಲ ನಂಗೆ."

ಸಿಟ್ಟಿಲ್ಲವಂತೆ! ಆ ಮಾತು ಕೇಳಿ ನನಗೆ ಬಂದ ಸಿಟ್ಟು ಹಿಂದೆ ಎಂದೂ ಬಂದಿರಲಿಲ್ಲ. ನನ್ನನ್ನು ಕಂಡರಾಗದು ಎಂದೇ ಇವರು ಸವತಿ ತರುತ್ತಿದ್ದಾರೆ ಎಂದು ನಂಬಿ, ಆ ಹಗೆಯನ್ನೇ ಊರುಗೋಲಿನ ಹಾಗೆ ಹಿಡಿದು ನಾನು ದಿನ ನೂಕುತ್ತಿದ್ದೆ. ಈಗ ನೋಡಿದರೆ ಹಗೆಯೂ ಇಲ್ಲ. ಕಲ್ಲಿರುವ ಅಕ್ಕಿ, ಹಸಿ ಕವಳಿಕಾಯಿ, ಸುಟ್ಟ ಬೊಡ್ಡೆ, ಯಾವುದರಲ್ಲೂ ನಾನು ಹುಡುಕಿದ ಕೆಡುಕು ಇರಲಿಲ್ಲ. ಒಬ್ಬ ಮುದುಕಿಗೆ ಕಣ್ಣು ಹೋಗುತ್ತಿದೆ, ಅಷ್ಟೇ. ಅದಕ್ಕಾಗಿ ನನ್ನ ಸಂಸಾರ ಎರಡು ಹೋಳಾಗಬೇಕು. ಯಾರನ್ನು ಬೈಯಲಿ?

"ನಿಮ್ಮ ಕಣ್ಣು ಹೋಗ್ತದೆ ಅಂತ ನಾ ಸವತಿ ತಕಂಬೇಕಾ?" ಎಂದು ಕಿರುಚಿದೆ. "ನೀವು ಮುಖ ನೋಡೂಕೆ, ನಾ ಜೀವಮಾನ ಪೂರ್ತಿ ಆ ಗಂಗೂನ ಮುಖ ನೋಡ್ಬೇಕಾ?"

ಅತ್ತೆ ಕುತ್ತಿಗೆಗೆ ಕೈ ಹಾಕಿ, ಒಂದು ಸರವನ್ನು ತಡಕಿ, ದಾರ ಕಚ್ಚಿ ಹರಿದು, ಒಂದು ಕರಿಮಣಿ ತೆಗೆದು ನನ್ನ ಕಡೆಗೆ ಚಾಚಿದರು. ಕೈ ನಾನಿದ್ದ ಕಡೆಗೆ ಸರಿಯಾಗಿ ಬರಲಿಲ್ಲ, ಸ್ವಲ್ಪ ಬದಿಗೆ ಹೋಯಿತು.

"ಹೊತ್ತಾಗ್ತದೆ. ಹೋಗಿ ಕೂಗಿ ಬಾ. ಎಂತ ಕೂಗ್ಬೇಕು ಗೊತ್ತದ್ಯಲ್ಲ?"

ಗೊತ್ತಿತ್ತು. ಮಣಿ ಹಿಡಿದು, ಕಣ್ಣು ಮೂಗು ಒರೆಸಿಕೊಳ್ಳುತ್ತ, ಗೋಡೆಗೆ ಕೈ ಕೊಟ್ಟು ಇಳಿದೆ. ಕೆಳಗೆ ತಂಪಿತ್ತು. ನೀರು ಕಪ್ಪಗೆ, ಅಲುಗಾಡದೆ ಇತ್ತು. ಮಣಿ ಹಾಕಿದೆ. ಸೊಸೆಯಾದವಳು ಅತ್ತೆಯ ಹೆಸರು ಹಿಡಿಯಬಾರದು. ಅಲ್ಲಿ ಮಾತ್ರ ಹಿಡಿಯಲೇಬೇಕು. ಬೊಮ್ಮಿ ಎನ್ನಲು ಬಾಯಿ ತೆರೆದೆ. ಮನೆಗೆ ಮೊಮ್ಮಗ ಬರಲಿ ಎಂಬ ಮುಂದಿನ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ನನ್ನ ಸವತಿಯನ್ನು ನಾನೇ ಕರೆಯುವುದು ನನ್ನಿಂದಾಗಲಿಲ್ಲ. ಆಗದು ಎಂದರೆ ಆಗದು.

"ಬೊಮ್ಮೀ ಕಣ್ಣು ಉಳೀಲೀ!"

ನನ್ನ ಧ್ವನಿ ನನಗೇ ಹೆದರಿಕೆ ಹುಟ್ಟಿಸುವಷ್ಟು ಗಟ್ಟಿಯಾಗಿ ಬಂತು. ಮೇಲೆ ಅತ್ತೆ ಹಣೆ ಹಣೆ ಬಡಿದುಕೊಳ್ಳುವುದು ಕೇಳಿಸಿತು.

"ಹಾಳು ಮಾಡ್ದೆ! ಎಲ್ಲಾ ಹಾಳು ಮಾಡ್ದೆ! ಕಣ್ಣು ಯಾರು ಕೇಳಿದ್ರು ನಿನ್ನ? ಮೊಮ್ಮಗ ಅಂತ ಹೇಳಿ ಕಳಿಸಿದ್ದೆ ನಾ! ಇನ್ನು ಬಪ್ಪ ವರ್ಷದ ತನಕ ಕೂಗೂಹಂಗಿಲ್ಲ!"

"ಕಣ್ಣು ಉಳಿದ್ರೆ ನಿಮ್ಗೆ ಅವಸರ ಇರೂದಿಲ್ಲ," ಎಂದು ಕೆಳಗಿನಿಂದಲೇ ಕೂಗಿದೆ. "ನಂಗಾಗೂ ತನಕ ಕಾಯಬೋದು. ನಾ ನಿಮ್ಗಾಗಿ ಕೂಗಿದ್ದಲ್ಲ, ನಂಗಾಗೇ ಕೂಗಿದ್ದು!"

"ಗೊತ್ತದೆ! ಅದಕ್ಕೇ ಹಾಳಾದದ್ದು!"

ಪುಣ್ಯಸ್ಥಳದಲ್ಲಿ ಹೀಗೆ ಬಾವಿಯ ಕೆಳಗೊಬ್ಬಳು, ಮೇಲೊಬ್ಬಳು ನಿಂತು ಬಡಿದಾಡಿಕೊಂಡವರು ನಮಗಿಂತ ಮುಂಚೆ ಯಾರೂ ಇರಲಿಕ್ಕಿಲ್ಲ.

ನಾನು ಮೇಲೆ ಬಂದೆ. ಇನ್ನು ಅತ್ತೆಯ ಸರದಿ. ಆಗ ಹೊಸ ಸಂಕಟ. ಅವರು ಒಬ್ಬರೇ ಇಳಿದರೆ ಹಾವಸೆಯ ಮೇಲೆ ಜಾರಿ ಸೀದಾ ನೀರಿಗೆ. ನಾನು ಇಳಿಸಿಕೊಂಡು ಹೋದರೆ ನೇಮ ತಪ್ಪುತ್ತದೆ. ನಾನು ಮೇಲೆ ಬೆನ್ನು ಹಾಕಿ ನಿಂತಿರಬೇಕು.

"ನೀ ಮರದ ಹತ್ರ ನಿಲ್ಲು. ನಾ ಇಳಿತೆ."

"ಇಳಿದು ಬಿದ್ರೆ? ಊರಿಗೆ ಹೋಗಿ ನಿಮ್ಮ ಮಗನಿಗೆ ನಾ ಎಂತ ಹೇಳ್ಲಿ? ಅತ್ತೇನ ಬಾವಿಗೆ ನೂಕಿದ್ದೇ ಮಾದಿ ಅಂತ ಕಾಶಿ ಅಂಕೋಲೆ ತನಕ ಡಂಗುರ ಹೊಡಿತಾಳೆ."

"ನೇಮ ಅಂದ್ರೆ ನೇಮ."

"ನಿಮ್ಮ ನೇಮಕ್ಕೆ ಬೆಂಕಿ ಹಾಕ!"

ಕೊನೆಗೆ ಇಬ್ಬರೂ ಸೋತು ಒಂದು ದಾರಿ ಮಾಡಿಕೊಂಡೆವು. ನಾನು ಅವರ ಕೈ ಹಿಡಿದು ಇಳಿಸಿದೆ. ಕೆಳಗಿನ ಮೆಟ್ಟಿಲು ಬಂದ ಮೇಲೆ ನಾನು ನೀರಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಒಂದು ಕೈಯನ್ನು ಹಿಂದಕ್ಕೆ ಚಾಚಿ ಅವರ ಮುಂಗೈ ಹಿಡಿದುಕೊಂಡು ನಿಂತೆ. ಗೋಡೆಯ ಮೇಲೆ ಒಂದು ಬಸವನಹುಳು ಹತ್ತುತ್ತಿತ್ತು. ಅತ್ತೆ ಇನ್ನೊಂದು ಕೈಯಿಂದ ನನ್ನ ಕೊರಳ ಸರಗಳನ್ನು ತಡಕಿದರು. ತಡಕುತ್ತ ಬೆರಳು ನನ್ನ ಕೆನ್ನೆಗೆ ತಾಗಿತು, ಒದ್ದೆಯಾದ್ದರಿಂದಲೋ ಏನೋ ಅಲ್ಲೇ ಸ್ವಲ್ಪ ನಿಂತಿತು. ಆಮೇಲೆ ಒಂದು ದಾರ ಎಳೆದು ಹರಿದರು. ಒಂದು ಮಣಿಯ ಬದಲು ಒಂದು ರಾಶಿ ಉದುರಿ ನೀರಿಗೆ ಬಿದ್ದವು. ಇಷ್ಟಾಗಿಯೂ ನಾನು ತುಟಿ ಎರಡು ಮಾಡಲಿಲ್ಲ.

ಏಕೆಂದರೆ ನನಗೆ ಭಯವಾಗಿತ್ತು. ನಾನು ಅವರ ಮಾತು ತಪ್ಪಿಸಿದ್ದೆ. ಈಗ ಅವರೂ ತಪ್ಪಿಸಬಹುದಿತ್ತು. ಸೇಡಿಗೆ ಏನನ್ನಾದರೂ ಕೂಗಬಹುದಿತ್ತು. ಮಾದಿ ತವರಿಗೆ ಹೋಗಲಿ ಎನ್ನಬಹುದಿತ್ತು. ಬಾವಿಯ ಮೇಲೆ ನನಗೆ ಎಷ್ಟು ನಂಬಿಕೆ ಇತ್ತೋ ಹೇಳಲಾರೆ. ಆದರೆ ಅತ್ತೆ ಬಾಯಿಬಿಟ್ಟು ಹೇಳಿದ ಮೇಲೆ ಅದು ನಮ್ಮ ಮನೆಯಲ್ಲಿ ನಡೆದೇ ತೀರುತ್ತದೆ, ಅದು ಗೊತ್ತಿತ್ತು. ನಾನು ಈ ಮನೆಯಲ್ಲಿ ಉಳಿಯುತ್ತೇನೋ ಇಲ್ಲವೋ, ಜಟ್ಟಿ ನನ್ನ ಒಬ್ಬಳ ಗಂಡನಾಗಿ ಉಳಿಯುತ್ತಾನೋ ಇಲ್ಲವೋ, ಎಲ್ಲ ಆ ಒಂದು ಕೂಗಿನಲ್ಲಿತ್ತು.

ಅತ್ತೆ ಉಸಿರು ಎಳೆದುಕೊಂಡರು.

"ಮಾದಿಗೆ ಮಗು ಆಗ್ಲಿ!"

ನಾನು ಹೇಳಿಕೊಟ್ಟಷ್ಟೇ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅಂತೂ ಮುಗಿಯಿತು ಎಂದು ಅವರ ಕೈ ಎಳೆದೆ. ಅತ್ತೆ ಅಲುಗಲಿಲ್ಲ. ಮತ್ತೆ ಉಸಿರೆಳೆದುಕೊಂಡ ಸದ್ದು. ಇದೇನು, ಒಂದೇ ಸಲ ಎಂದು ಸಾವಿರ ಸಲ ಹೇಳಿದವರು ಇವರೇ ಅಲ್ಲವೇ ಎಂದು ನಾನು ಯೋಚಿಸುವಷ್ಟರಲ್ಲಿ, ಮೊದಲಿಗಿಂತ ದೊಡ್ಡದಾಗಿ, ಗಂಟಲು ಒಡೆದು ಹೋಗುವ ಹಾಗೆ ಕೂಗಿದರು.

"ತಡ ಆದ್ರೂ ಅಡ್ಡಿಲ್ಲ! ನಾ ಮುಖ ಕಾಣದೇ ಹೋದ್ರೂ ಅಡ್ಡಿಲ್ಲ! ಇದ್ಕೇ ಆಗ್ಲಿ!"

ನಾನು ತಿರುಗಿಬಿಟ್ಟೆ. ನೇಮ, ಗೀಮ ಯಾವುದೂ ನೆನಪಿಗೆ ಬರಲಿಲ್ಲ. ಅತ್ತೆಯ ಎರಡೂ ಕಣ್ಣುಗಳು ನೀರಿನ ಕಡೆಗೆ ತೆರೆದಿದ್ದವು, ಎರಡರಿಂದಲೂ ನೀರು ಇಳಿಯುತ್ತಿತ್ತು.

"ಎರಡು ಸಲ ಕೂಗಿದ್ರಿ ಅತ್ತೆ," ಎಂದೆ.

"ಹೌದು. ಒಂದು ನೀ ಕೇಳಿದ್ದು. ಇನ್ನೊಂದು ನಾ ಕೇಳಿದ್ದು." ಮೂಗು ಸೀಟಿ ಸೆರಗಿಗೆ ಒರೆಸಿಕೊಂಡರು. "ನಡೆ, ಹತ್ತು. ಕಾಶಿಗೆ ಸಂಜೆ ಮೋಟಾರು ತಪ್ಪಬಾರ್ದು. ಗಂಗೂಗೆ ಬೇರೆ ಮನೆ ನೋಡು ಅಂತ ನಾನೇ ಹೇಳ್ತೆ ಅದ್ಕೆ. ನೀ ನಡುವೆ ಬಾಯಿ ಹಾಕ್ಬೇಡ."